ಮೂರನೆಯ ಸುತ್ತಿನ ವೈರಾಗ್ಯ

16 ಡಿಸೆಂಬರ್ 2024, ಸೋಮವಾರ. ಹುಣಸೂರು

ಇವತ್ತಿನಿಂದ ಧನುರ್ಮಾಸ. ಬೆಳಿಗ್ಗೆಯೇ ಸಾಲಿಗ್ರಾಮದಿಂದ ಗೆಳತಿಯ ಫೋನು. ಮಗಳ ಮದುವೆ ಫೆಬ್ರುವರಿಗೆ ಗಟ್ಟಿಯಾಯಿತಂತೆ, ಬೆಂಗಳೂರಿನ ಗುರುದ್ವಾರದಲ್ಲಿ, ಸಿಖ್ಖರ ಆನಂದ ಕಾರಜ್ ಕ್ರಮದಲ್ಲಿ. ಗಂಡು ಹೆಣ್ಣು ಇಬ್ಬರೂ ಸಿಖ್ ಧರ್ಮವನ್ನು ಒಪ್ಪಿ ನಡೆಯುವವರಾಗಿರಬೇಕೆಂಬುದು ಅವರ ರಹತ್ ಮರ್ಯಾದೆಯ ನಿಯಮ. ಹುಡುಗಿ ಮನಸಾರೆ ಒಪ್ಪಿದ್ದಾಳೆ, ಗುರುಮುಖಿ ಅಕ್ಷರ ಕಲಿತಿದ್ದಾಳೆ. ಅವಳ ತಾತ ಶ್ರೀವೈಷ್ಣವರು, ದಿನವೂ ದಿವ್ಯಪ್ರಬಂಧ ಪಾರಾಯಣ ಮಾಡುವವರು. ಮೊದಲು ಮಾತು ಬಿಟ್ಟಿದ್ದರಂತೆ. ಈಗ ಮದುವೆಗೆ ಬರುತ್ತೇನೆ ಎಂದಿದ್ದಾರೆ, ಒಂದೇ ಕರಾರು: ಅಲ್ಲಿ ಏನು ಹಾಡುತ್ತಾರೋ ಅದರ ಅರ್ಥ ತಮಗೆ ಮೊದಲೇ ತಿಳಿಯಬೇಕು.

ಅದಕ್ಕೇ ನನ್ನ ನೆನಪಾಗಿದೆ. “ನಮ್ಮ ಕಡೆಯವರು ಸುಮ್ಮನೆ ಬೆಪ್ಪಾಗಿ ಕೂತಿರಬಾರದು ಕಣೇ. ಎರಡು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡು. ಅಚ್ಚು ಹಾಕಿಸಿ ಹಂಚೋಣ.”

ಒಪ್ಪಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಅಕ್ಕಮಹಾದೇವಿಯ ವಚನ ಪಾಠ ಮಾಡಿದವಳಿಗೆ ಈ ಕೆಲಸ ಬೇಡವೆನ್ನಲು ಮನಸ್ಸಾಗಲಿಲ್ಲ. ಮಧ್ಯಾಹ್ನವೆಲ್ಲ ಆ ಮದುವೆಯಲ್ಲಿ ಹಾಡುವ ಲಾವಾಂ ಓದಿದೆ. ನಾಲ್ಕೇ ಪದ್ಯ. ಬರೆದವರು ನಾಲ್ಕನೆಯ ಗುರು ರಾಮದಾಸರು (1534–1581). 1430 ಪುಟಗಳ ಗುರುಗ್ರಂಥದಲ್ಲಿ 773–774ನೆಯ ಪುಟ, ಸೂಹಿ ರಾಗ. ಗ್ರಂಥಿ ಒಂದು ಪದ್ಯ ಓದುತ್ತಾರೆ, ರಾಗಿಗಳು ಅದನ್ನೇ ಹಾಡುವಾಗ ಗಂಡು ಹೆಣ್ಣು ಗ್ರಂಥಕ್ಕೆ ಬಲ ಬರುತ್ತಾರೆ. ಹೀಗೆ ನಾಲ್ಕು ಸುತ್ತು. ಅಗ್ನಿಯಿಲ್ಲ, ತಾಳಿಯಿಲ್ಲ. ಮೊದಲ ಪದ್ಯದಲ್ಲಿ ಸಂಸಾರದ ಕರ್ತವ್ಯ, ಧರ್ಮ, ನಾಮಸ್ಮರಣೆ. ಎರಡನೆಯದರಲ್ಲಿ ಗುರುವಿನ ಭೇಟಿ, ಅಹಂಕಾರದ ಕೊಳೆ ಕಳೆಯುವುದು, ಒಳಗೆ ಕೇಳುವ ಅನಾಹತ ನಾದ. ಮೂರನೆಯದರಲ್ಲಿ ವೈರಾಗ್ಯ, ಸತ್ಸಂಗ. ನಾಲ್ಕನೆಯದರಲ್ಲಿ ಸಹಜಸ್ಥಿತಿ, ಬಯಸಿದ ಒಡೆಯ ದೊರೆತ ಹಿಗ್ಗು.

ಎದುರಿಗೆ ನಡೆಯುತ್ತಿರುವ ಹುಡುಗ ಹುಡುಗಿಯ ಬಗ್ಗೆ ಒಂದು ಮಾತೂ ಇಲ್ಲ. ಇಡೀ ಹಾಡು ಜೀವವೆಂಬ ವಧುವಿನದು, ಹರಿಯೆಂಬ ವರನದು. ಜೊತೆಗೆ ಮದುವೆಯ ಮಂಟಪದಲ್ಲಿ ವೈರಾಗ್ಯದ ಮಾತು! ಇದನ್ನು ತಾತನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಹುಡುಗಿಗೆ ಹೇಗೆ ಹೇಳಲಿ?

22 ಡಿಸೆಂಬರ್, ಭಾನುವಾರ. ಸಾಲಿಗ್ರಾಮ

ಕೆ.ಆರ್. ನಗರದಿಂದ ಈಚೆಗೆ ಗದ್ದೆಗಳೆಲ್ಲ ಕೊಯ್ಲಾಗಿ ಬೋಳಾಗಿವೆ. ಹುಲ್ಲಿನ ಮೆದೆಗಳ ನಡುವೆ ಬಸ್ಸು ಬಂತು.

ಈ ಊರಿಗೆ ಬಂದರೆ ರಾಮಾನುಜರ ಹೆಸರು ಎತ್ತದೆ ಮಾತು ಮುಂದೆ ಹೋಗುವುದಿಲ್ಲ. 12ನೆಯ ಶತಮಾನದಲ್ಲಿ ಅವರು ತೊಂಡನೂರು, ಮೇಲುಕೋಟೆಗಳಿಗೆ ಹೋಗುವ ಮೊದಲು ಇಲ್ಲಿ, ಪಕ್ಕದ ಮಿರ್ಲೆಯಲ್ಲಿ ತಂಗಿದ್ದರೆಂಬುದು ಸಂಪ್ರದಾಯದ ಕಥೆ. ಶ್ರೀಪಾದ ತೀರ್ಥ ಇಂದಿಗೂ ಇದೆ. ವಡುಗನಂಬಿ ಈ ಊರಿನವನೇ. ಶ್ರೀರಂಗದಲ್ಲಿ ರಂಗನಾಥನ ಕಣ್ಣುಗಳನ್ನು ನೋಡು, ಎಷ್ಟು ಚೆಲುವಾಗಿವೆ ಎಂದು ಗುರುಗಳು ತೋರಿಸಿದರೆ, ನಿಮ್ಮ ಕಣ್ಣು ಕಂಡ ಕಣ್ಣಿಗೆ ಬೇರೇನೂ ಕಾಣಿಸುವುದಿಲ್ಲ ಎಂಬರ್ಥದ ಉತ್ತರ ಕೊಟ್ಟವನು. ಗುರುಗಳಿಗೆಂದು ಹಾಲು ಕಾಯಿಸುತ್ತಿದ್ದಾಗ ದೇವರ ಉತ್ಸವ ಬೀದಿಗೆ ಬಂದರೂ ಒಲೆ ಬಿಟ್ಟು ಏಳಲಿಲ್ಲವಂತೆ. ಗಂಡಸಿನ ಬಾಯಲ್ಲಿ ಪ್ರೇಮಿಯ ಮಾತು, ಅದೂ ಗುರುವಿನ ಕುರಿತು. ಸಾಲಿಗ್ರಾಮದ ನೆಲಕ್ಕೆ ಈ ಭಾಷೆ ಹೊಸದಲ್ಲ ಎಂಬ ಧೈರ್ಯದಿಂದ ತಾತನ ಮುಂದೆ ಕೂತೆ.

ಅವರು ನನ್ನನ್ನು ಕೇಳುವ ಬದಲು ತಾವೇ ಆಂಡಾಳಿನಿಂದ ಶುರುಮಾಡಿದರು. ಅವಳ ನಾಚ್ಚಿಯಾರ್ ತಿರುಮೊಳಿಯ ಆರನೆಯ ದಶಕ, ಕನಸಿನ ಮದುವೆ. ಸಾವಿರ ಆನೆಗಳ ಜೊತೆ ವರ ಬರುವುದು, ತೋರಣ, ಪೂರ್ಣಕುಂಭ, ಮುತ್ತಿನ ಚಪ್ಪರ, ಪಾಣಿಗ್ರಹಣ, ಅರಳು ಹೊಯ್ಯುವುದು. ಒಂದೊಂದು ಪಾಶುರಕ್ಕೆ ಒಂದೊಂದು ಶಾಸ್ತ್ರ. ಎಲ್ಲವನ್ನೂ ಅವಳು ಗೆಳತಿಗೆ ಹೇಳಿಕೊಳ್ಳುತ್ತಾಳೆ. ಇಂದಿಗೂ ಶ್ರೀವೈಷ್ಣವ ಮದುವೆಗಳಲ್ಲಿ ಇದನ್ನು ಸೇವಿಸುತ್ತಾರೆ. “ನಮ್ಮಲ್ಲೂ ಮದುವೇಲಿ ಹಾಡೋದು ಮದುಮಕ್ಕಳ ಕಥೆಯಲ್ಲಮ್ಮ, ದೇವರನ್ನ ವರಿಸಿದ ಹುಡುಗಿಯ ಕಥೆ” ಎಂದರು. ನಾನು ಹೇಳಬೇಕೆಂದುಕೊಂಡಿದ್ದನ್ನು ಅವರೇ ಹೇಳಿಬಿಟ್ಟರು.

ಆಮೇಲೆ ಅದೇ ಗ್ರಂಥದ ಇತರ ದಶಕಗಳಿಗೆ ಬಂದೆವು. ಆಂಡಾಳು ಮನ್ಮಥನಿಗೆ ವ್ರತ ಹಿಡಿಯುತ್ತಾಳೆ, ಶಂಖವನ್ನು ಕರೆದು ಕೃಷ್ಣನ ತುಟಿಯ ರುಚಿ ಕೇಳುತ್ತಾಳೆ, ತನ್ನ ಎದೆ ಮನುಷ್ಯರಿಗಲ್ಲ ಎಂದು ಕಡ್ಡಿ ಮುರಿದಂತೆ ನುಡಿಯುತ್ತಾಳೆ. ಇದನ್ನು ಹೇಗೆ ಓದುತ್ತೀರಿ ಎಂದು ಕೇಳಿದೆ. ಅವರು ಪೆರಿಯವಾಚ್ಚಾನ್ ಪಿಳ್ಳೈಯವರ ವ್ಯಾಖ್ಯಾನದ ದಾರಿ ವಿವರಿಸಿದರು, ಅಳಗಿಯ ಮಣವಾಳ ಪೆರುಮಾಳ್ ನಾಯನಾರರ ‘ಆಚಾರ್ಯ ಹೃದಯ’ದ ಸೂತ್ರ ಹೇಳಿದರು: ಆಳ್ವಾರರು ಜ್ಞಾನದಲ್ಲಿರುವಾಗ ಸ್ವಂತ ದನಿಯಲ್ಲಿ ಮಾತನಾಡುತ್ತಾರೆ, ಪ್ರೇಮ ಉಕ್ಕಿದಾಗ ಹೆಣ್ಣಿನ ದನಿಯಲ್ಲಿ. ಇನ್ನು ಎದೆಯೆಂದರೆ ಭಕ್ತಿ, ಸಣ್ಣ ನಡುವೆಂದರೆ ವೈರಾಗ್ಯ ಎಂಬ ಒಳಾರ್ಥದ ಪಟ್ಟಿಯೂ ಇದೆ.

ಸೂತ್ರ ನನಗೆ ಒಪ್ಪಿಗೆ, ಪಟ್ಟಿಯಲ್ಲ. ಅದನ್ನೇ ಹೇಳಿದೆ. ಎದೆ ಭಕ್ತಿಯಾಗಿಬಿಟ್ಟರೆ ಆ ಹುಡುಗಿಯ ಮೈ ಎಲ್ಲಿ ಹೋಯಿತು? ಅವಳ ತಾಪ ಯಾರದು? ತಾತ ಕೋಪ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತನ್ನು ಇಲ್ಲಿ ಬರೆದಿಡಬೇಕು: “ಒಳಾರ್ಥ ತಿಳಕೊಂಡ ಮೇಲೆ ಪಾಶುರ ಬಿಟ್ಟು ಎದ್ದು ಹೋಗೋದಲ್ಲ. ತಿರುಗಿ ಪಾಶುರಕ್ಕೇ ಬಂದು ಕೂರಬೇಕು. ಹಾಗೆ ಬರದೇ ಇದ್ದೋನಿಗೆ ಎರಡೂ ಸಿಕ್ಕಲ್ಲ.”

ಹೊರಡುವಾಗ ಕೈಗೆ ಹುಗ್ಗಿಯ ದೊನ್ನೆ ಕೊಟ್ಟರು.

27 ಡಿಸೆಂಬರ್, ಶುಕ್ರವಾರ. ಹುಣಸೂರು

ಚಳಿ ಜೋರಾಗಿದೆ. ತಮ್ಮ ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಿಂದ ನೇರ ಇಲ್ಲಿಗೆ ಬಂದಿದ್ದ. ಮೈಯೆಲ್ಲ ಹೊಗೆಸೊಪ್ಪಿನ ವಾಸನೆ. ಊಟ ಮಾಡಿ ಹೋದ.

ಲಾವಾಂನ ಮೂರನೆಯ ಪದ್ಯ ತಲೆ ಬಿಟ್ಟು ಹೋಗುತ್ತಿಲ್ಲ. ಮದುವೆ ಮತ್ತು ವೈರಾಗ್ಯ ಒಂದೇ ಚಪ್ಪರದ ಕೆಳಗೆ ಬಂದದ್ದು ನಮ್ಮ ಸೀಮೆಯ ಕಾವ್ಯದಲ್ಲೂ ಇದೆ. ಕಲ್ಲಹಳ್ಳಿಯ ಮೂರನೆಯ ಮಂಗರಸ ಚೆಂಗಾಳ್ವರ ಸಚಿವ ವಂಶದವನು, 16ನೆಯ ಶತಮಾನದ ಆದಿಭಾಗದ ಜೈನ ಕವಿ. ಅವನ ‘ನೇಮಿಜಿನೇಶ ಸಂಗತಿ’ ನೇಮಿನಾಥನ ಕಥೆ. ದಿಬ್ಬಣದ ಹಾದಿಯಲ್ಲಿ ಔತಣಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳುತ್ತದೆ. ಮದುಮಗ ಅಲ್ಲಿಂದಲೇ ಹಿಂದಿರುಗುತ್ತಾನೆ, ಗಿರಿನಾರಕ್ಕೆ ತಪಸ್ಸಿಗೆ ಹೋಗುತ್ತಾನೆ. ಸಿಂಗರಿಸಿಕೊಂಡು ಕಾದಿದ್ದ ರಾಜಿಮತಿ ಕೊನೆಗೆ ತಾನೂ ಅದೇ ದಾರಿ ಹಿಡಿಯುತ್ತಾಳೆ.

ಆ ಕಥೆ ಓದುವಾಗಲೆಲ್ಲ ನನ್ನ ಮನಸ್ಸು ಅವಳ ಹತ್ತಿರವೇ ನಿಲ್ಲುತ್ತದೆ. ನೇಮಿಯ ಕರುಣೆ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ವೈರಾಗ್ಯ ಬರಬೇಕಾದರೆ ಮದುವೆ ಮುರಿಯಲೇಬೇಕು. ಗುರು ರಾಮದಾಸರ ವೈರಾಗ್ಯ ಹಾಗಲ್ಲ. ಅದು ಮದುವೆಯ ಮೂರನೆಯ ಹೆಜ್ಜೆ. ಅದಾದ ಮೇಲೆ ನಾಲ್ಕನೆಯದಿದೆ, ಆಮೇಲೆ ಊಟವಿದೆ, ಮನೆಯಿದೆ, ಮಕ್ಕಳಿದ್ದಾರೆ. ಸ್ವತಃ ಸಂಸಾರಿಯಾಗಿದ್ದ ಗುರು ಬರೆದದ್ದು ಇದು. ಆ ಪದ್ಯದಲ್ಲಿ ವೈರಾಗ್ಯ ಬಂದವರ ಮನಸ್ಸಿನಲ್ಲಿ ಹುಟ್ಟುವುದು ಬೇಸರವಲ್ಲ, ಚಾವು, ಉತ್ಸಾಹ. ಒಂದರ ಮೇಲೆ ಆಸೆ ಎಷ್ಟು ಬಲವಾಯಿತೆಂದರೆ ಉಳಿದವುಗಳ ಮೇಲಿನ ಹಿಡಿತ ತಾನಾಗಿ ಸಡಿಲವಾಯಿತು. ಅಕ್ಕಮಹಾದೇವಿಯ ವೈರಾಗ್ಯವೂ ಇದೇ ಅಲ್ಲವೆ? ಉಡುತಡಿಯ ಅರಮನೆ ಬಿಟ್ಟದ್ದು ಆಸೆ ಬತ್ತಿದ್ದರಿಂದಲ್ಲ, ಚೆನ್ನಮಲ್ಲಿಕಾರ್ಜುನನ ಮೇಲಿನ ಆಸೆ ಉಕ್ಕಿದ್ದರಿಂದ.

2 ಜನವರಿ 2025, ಗುರುವಾರ. ಹುಣಸೂರು

ಆಂಡಾಳಿನ ತಿರುಪ್ಪಾವೈಯ ಹದಿನೆಂಟನೆಯ ಪಾಶುರದ ದಿನ. ಇದನ್ನು ಕುರಿತ ಕಥೆಯನ್ನು ತಾತ ಫೋನಿನಲ್ಲಿ ಮತ್ತೆ ಹೇಳಿದರು. ರಾಮಾನುಜರು ತಿರುಪ್ಪಾವೈ ಹೇಳಿಕೊಳ್ಳುತ್ತ ಭಿಕ್ಷೆಗೆ ಹೊರಟಿದ್ದಾರೆ. ಬಳೆಗಳು ಸದ್ದು ಮಾಡುವ ಕೈಯಿಂದ ಬಾಗಿಲು ತೆರೆ ಎಂದು ಕೃಷ್ಣನ ನಲ್ಲೆ ನಪ್ಪಿನ್ನೈಯನ್ನು ಬೇಡುವ ಈ ಪಾಶುರಕ್ಕೆ ಬರುವ ಹೊತ್ತಿಗೆ ಗುರು ಪೆರಿಯ ನಂಬಿಯ ಮನೆಯ ಮುಂದಿದ್ದಾರೆ. ಅಷ್ಟರಲ್ಲಿ ಗುರುವಿನ ಮಗಳು ಅತ್ತುಳಾಯ್ ಬಳೆ ಸದ್ದಿನೊಂದಿಗೆ ಬಾಗಿಲು ತೆಗೆದಳು. ರಾಮಾನುಜರು ಮೂರ್ಛೆ ಹೋದರು. ಅಷ್ಟು ದೊಡ್ಡ ಭಾಷ್ಯಕಾರ ಬಳೆಯನ್ನು ಬಳೆಯಾಗಿಯೇ ಕೇಳಿಸಿಕೊಂಡರು. ಒಳಾರ್ಥ ಹುಡುಕುವುದಕ್ಕೂ ಅವರಿಗೆ ಪುರಸೊತ್ತು ಇರಲಿಲ್ಲ.

ರಾತ್ರಿ ಹುಡುಗಿಯ ಕರೆ. ಅವಳ ಪ್ರಶ್ನೆ ನೇರವಾಗಿತ್ತು. “ಆಂಟಿ, ಕಾಮ, ಕ್ರೋಧ, ಲೋಭ, ಮೋಹ, ಅಹಂಕಾರ, ಈ ಐದೂ ಕಳ್ಳರು ಅಂತ ಗುರುಗ್ರಂಥ ಮತ್ತೆ ಮತ್ತೆ ಹೇಳುತ್ತೆ. ಅದೇ ಗ್ರಂಥದಲ್ಲಿ ವಧು ಸಿಂಗಾರ ಮಾಡಿಕೊಳ್ತಾಳೆ, ಹಾಸಿಗೆ ಹಾಸಿ ಕಾಯ್ತಾಳೆ, ಅವನು ಬರದೇ ಇದ್ದರೆ ರಾತ್ರಿಯೆಲ್ಲ ಬೇಯ್ತಾಳೆ. ಎರಡನ್ನೂ ಹೇಗೆ ಒಟ್ಟಿಗೆ ಇಟ್ಟುಕೊಳ್ಳೋದು?”

ಕೂಡಲೇ ಹೇಳಲಾರೆ, ಬರೆದು ಕಳಿಸುತ್ತೇನೆ ಎಂದೆ. ಈಗ ಹೊಳೆದಷ್ಟನ್ನು ಇಲ್ಲಿ ಹಾಕುತ್ತೇನೆ.

ಎಲ್ಲರೂ ಕೊಡುವ ಉತ್ತರವೊಂದಿದೆ: ಒಂದು ದೇಹದ್ದು, ಇನ್ನೊಂದು ಆತ್ಮದ್ದು, ಹಾಸಿಗೆಯೆಂದರೆ ಹಾಸಿಗೆಯಲ್ಲ, ಹೃದಯ. ನಾನು ಕೆಲಸ ಮಾಡುತ್ತಿದ್ದಾಗಲೂ ಇದೇ ನಡೆಯುತ್ತಿತ್ತು. ಅಕ್ಕನ ವಚನ ಆರಿಸುವಾಗ ಮೈಯ ಮಾತು ಬರುವ ವಚನಗಳನ್ನು ಬಿಟ್ಟು ನೀತಿ ಹೇಳುವವನ್ನು ತೆಗೆದುಕೊಳ್ಳುವುದು. ಆದರೆ ಗುರು ನಾನಕರ ಹಾಡುಗಳು ಹಾಗೆ ಓದಿಸಿಕೊಳ್ಳುವುದಿಲ್ಲ. ತುಖಾರಿ ರಾಗದ ಬಾರಹಮಾಹದಲ್ಲಿ ಹನ್ನೆರಡು ತಿಂಗಳೂ ಮಳೆ, ಚಳಿ, ಸೆಕೆ, ಹೂವು, ಹಕ್ಕಿಗಳ ಕೂಗು ವಿರಹಿಣಿಯ ಮೈಮೇಲೆ ಹಾದುಹೋಗುತ್ತವೆ. ಶ್ರಾವಣದ ಮಳೆಯಲ್ಲಿ ಒಬ್ಬಳೇ ಮಲಗಿದವಳ ಸಂಕಟ ಗೊತ್ತಿಲ್ಲದವನಿಗೆ ಆ ಹಾಡಿನಲ್ಲಿ ದೇವರೂ ದೊರಕಲಾರ. ಸೂಹಿ ರಾಗದಲ್ಲೇ ಅವರು ಬರೆದ ‘ಕುಚಜ್ಜಿ’, ‘ಸುಚಜ್ಜಿ’ ಎಂಬ ಜೋಡಿ ಪದ್ಯಗಳಿವೆ. ಮೊದಲನೆಯವಳು ನಯನಾಜೂಕು ತಿಳಿಯದವಳು. ಮನೆಯಲ್ಲಿ ಒಬ್ಬರಿಗಿಂತ ಒಬ್ಬರು ಜಾಣೆಯರು, ನನ್ನನ್ನು ಯಾರು ಕೇಳುತ್ತಾರೆ ಎಂದು ಹಲುಬುತ್ತಾಳೆ. ಇದು ತುಂಬಿದ ಮನೆಯ ಸೊಸೆಯ ಸಂಕಟ. ಇದನ್ನು ಆಡಿಕೊಂಡ ಹೆಂಗಸರನ್ನು ಪಿರಿಯಾಪಟ್ಟಣದ ನಮ್ಮ ಮನೆಯ ಹಿತ್ತಿಲಲ್ಲೇ ಕೇಳಿದ್ದೇನೆ.

ಹಾಗಾದರೆ ಕಾಮವನ್ನು ಕಳ್ಳನೆಂದದ್ದೇಕೆ? ನನಗೆ ತೋರುವುದಿಷ್ಟು. ಗೆರೆ ಎಳೆದಿರುವುದು ದೇಹಕ್ಕೂ ಆತ್ಮಕ್ಕೂ ನಡುವೆ ಅಲ್ಲ. ಕಳ್ಳ ಎತ್ತಿಕೊಂಡು ಹೋಗುತ್ತಾನೆ. ಆ ವಧು ಎತ್ತಿಕೊಳ್ಳುವುದಿಲ್ಲ, ಕಾಯುತ್ತಾಳೆ, ತೆರೆದುಕೊಳ್ಳುತ್ತಾಳೆ. ಎದುರಿರುವವರನ್ನು ನನ್ನ ವಸ್ತುವಾಗಿಸುವ ಆಸೆಯೇ ಗುರುಗಳು ಬೈಯುವ ಆಸೆ. ನಾನೆಂಬುದನ್ನು ಕರಗಿಸುವ ಆಸೆಗೆ ಅವರು ಹಾಡು ಕಟ್ಟಿದರು. ಎರಡೂ ದೇಹದಲ್ಲೇ ಇರುತ್ತವೆ. ಹುಡುಗಿಗೆ ಇದನ್ನೇ ಬರೆಯುತ್ತೇನೆ. ಅವಳು ನಾಳೆ ಮದುವೆಯಾಗುವವಳು. ಅವಳ ಆಸೆಗೆ ಕಳಂಕ ಹಚ್ಚಿ ಕಳಿಸುವುದು ನನ್ನಿಂದಾಗದು.

5 ಜನವರಿ, ಭಾನುವಾರ. ಬೈಲಕುಪ್ಪೆ

ನೆಂಟರ ಮಕ್ಕಳನ್ನು ಕರೆದುಕೊಂಡು ನಾಮ್ದ್ರೋಲಿಂಗ್ ವಿಹಾರಕ್ಕೆ ಹೋಗಿದ್ದೆ. ಭಾನುವಾರದ ಜನಜಂಗುಳಿ. ಟಿಬೆಟಿನ ಚಿತ್ರಗಳಲ್ಲಿ ಅಪ್ಪಿಕೊಂಡ ಜೋಡಿ ದೇವತೆಗಳು ಬರುತ್ತವೆ. ಅವುಗಳ ಬಗ್ಗೆ ದೊಡ್ಡ ಹುಡುಗ ಕಿಸಕ್ಕನೆ ನಕ್ಕು ಕೇಳಿದ. ಪುರುಷ ಕರುಣೆ, ಸ್ತ್ರೀ ಪ್ರಜ್ಞೆ, ಎರಡೂ ಕೂಡದೆ ಬುದ್ಧತ್ವವಿಲ್ಲ ಎಂಬುದು ಅವರ ವಿವರಣೆ ಎಂದೆ. “ಮತ್ತೆ ಹಾಗೇ ಯಾಕೆ ಬರೆದಿದ್ದಾರೆ?” ಎಂದ. ಅವನ ಪ್ರಶ್ನೆ ಸರಿಯಾಗಿತ್ತು. ಬೇರೆ ಯಾವ ಚಿತ್ರವೂ ಅಷ್ಟು ಹೇಳಲಾರದು, ಅದಕ್ಕೇ ಎಂದೆ. ನಗು ನಿಂತು ಸ್ವಲ್ಪ ಹೊತ್ತು ನೋಡಿದ.

13 ಜನವರಿ, ಸೋಮವಾರ. ಭೋಗಿ. ಸಾಲಿಗ್ರಾಮ

ಗೋದಾ ಕಲ್ಯಾಣ. ಬೆಳಿಗ್ಗೆ ಗೋಷ್ಠಿಯಲ್ಲಿ ತಾತನ ದನಿ ಎಲ್ಲರಿಗಿಂತ ಮುಂದಿತ್ತು. ಆಂಡಾಳಿಗೆ ಪಟ್ಟೆ ಸೀರೆ, ಹೂವಿನ ಜಡೆ, ರಂಗನಾಥನ ಕೊರಳ ಮಾಲೆ ಅವಳಿಗೆ, ಅವಳದು ಅವನಿಗೆ. ಧನುರ್ಮಾಸವೆಲ್ಲ ಚಳಿಯಲ್ಲಿ ಎದ್ದು ಬಂದು ಕಾದವರಿಗೆ ಈ ದಿನ ಸ್ವಂತ ಮನೆಯ ಮದುವೆ.

ಊಟದ ಪಂಕ್ತಿಯಲ್ಲಿ ಗೆಳತಿಯ ದೂರದ ನೆಂಟರೊಬ್ಬರು ನಾನು ಬರೆಯುತ್ತಿರುವ ವಿಷಯ ಕೇಳಿ ಸಂತೋಷಪಟ್ಟರು. “ಒಳ್ಳೇದಾಯ್ತು. ಅವರಲ್ಲೂ ಹಾಗೇ ಅನ್ನಿ. ದೇವರೇ ಪತಿ, ಪತಿಯೇ ದೇವರು. ಹುಡುಗಿಗೆ ಅದನ್ನ ಚೆನ್ನಾಗಿ ಒತ್ತಿ ಬರೆಯಿರಿ.”

ಅನ್ನ ಗಂಟಲಲ್ಲಿ ನಿಂತಿತು. ಒಳ್ಳೆಯ ಮನುಷ್ಯರು, ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಆದರೂ ಇಷ್ಟು ದಿನ ನನಗೆ ಅಸ್ಪಷ್ಟವಾಗಿ ಕಾಡುತ್ತಿದ್ದದ್ದು ಅವರ ಆ ಒಂದು ಮಾತಿನಿಂದ ನಿಚ್ಚಳವಾಯಿತು. ದೇವರೇ ಪತಿ ಎನ್ನುವುದು ಒಂದು ಮಾತು. ಪತಿಯೇ ದೇವರು ಎನ್ನುವುದು ತೀರ ಬೇರೆ ಮಾತು. ಒಂದನ್ನು ಹೇಳುತ್ತ ಹೇಳುತ್ತ ಇನ್ನೊಂದಕ್ಕೆ ಜಾರುವುದು ಎಷ್ಟು ಸಲೀಸು!

ಎರಡನೆಯ ದಾರಿಯ ಪುಸ್ತಕವೂ ನಮ್ಮಲ್ಲಿದೆ. ಚಿಕ್ಕದೇವರಾಯ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನ ‘ಹದಿಬದೆಯ ಧರ್ಮ’. ಅಲ್ಲಿ ಗಂಡನನ್ನು ದೈವವೆಂದು ಕಂಡು ನಡೆಯುವುದೇ ಹೆಂಡತಿಯ ಧರ್ಮ. ಹೊನ್ನಮ್ಮನ ಮೇಲೆ ನನಗೆ ಗೌರವವಿದೆ. ಹೆಣ್ಣನ್ನು ಹಳಿಯುವವರನ್ನು ಆ ಪುಸ್ತಕದಲ್ಲೇ ಗಟ್ಟಿಯಾಗಿ ಕೇಳಿದವಳು ಅವಳು. ಆದರೆ ಆಂಡಾಳು, ಅಕ್ಕ, ನಾನಕರು, ರಾಮದಾಸರು ಹಿಡಿದದ್ದು ಆ ದಾರಿಯಲ್ಲ. ಅವರು ಮದುವೆಯ ಮಾತುಗಳನ್ನೆಲ್ಲ ಮನುಷ್ಯ ಗಂಡನಿಂದ ಬಿಡಿಸಿ ಒಯ್ದು ದೇವರಿಗೆ ಕೊಟ್ಟರು. ಸಾಯುವ ಗಂಡ ತನಗೆ ಬೇಡ ಎಂದು ಅಕ್ಕ ಹೇಳಿದ್ದು ಗಂಡನ ಪಟ್ಟವನ್ನು ಕಿತ್ತುಕೊಳ್ಳುವುದಕ್ಕೆ. ಅವಳನ್ನು ಬಯಸಿದ ಕೌಶಿಕ ಅರಸನಾಗಿದ್ದರೂ ಅವನಿಗೆ ಆ ಪಟ್ಟ ದಕ್ಕಲಿಲ್ಲ. ಅವಳ ವಚನವನ್ನೇ ಹಿಡಿದು ಗಂಡನನ್ನು ದೇವರ ಗದ್ದುಗೆಗೆ ಏರಿಸುವುದು ಅವಳಿಗೆ ಮಾಡುವ ಅನ್ಯಾಯ.

ಇನ್ನೊಂದೂ ಕಂಡಿತು. ಈ ಹಾಡುಗಳಿಂದ ಆಸೆಯನ್ನು ಉಜ್ಜಿ ತೆಗೆದವರು ಏನು ಉಳಿಸಿದರು? ವಿಧೇಯತೆಯನ್ನು ಮಾತ್ರ. ವಧುವಿನ ತಾಪ ಸಂಕೇತವಂತೆ, ಹಾಸಿಗೆ ಸಂಕೇತವಂತೆ, ಅವಳ ಕೈಮುಗಿತ ಮಾತ್ರ ಎಲ್ಲ ಹೆಂಗಸರಿಗೂ ನಿಜವಾದ ಪಾಠವಂತೆ! ಬಯಸುವ ಹೆಣ್ಣು ಕಾಣೆಯಾದಳು, ಬಗ್ಗುವ ಹೆಣ್ಣು ಉಳಿದಳು. ಆಸೆಯನ್ನು ಆಸೆಯಾಗಿಯೇ ಓದಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಪಂಕ್ತಿಯಲ್ಲಿ ಇಷ್ಟೆಲ್ಲ ಹೇಳಲಿಲ್ಲ. “ಅಲ್ಲಿ ಸುತ್ತು ಬರುವ ಹುಡುಗನೂ ವಧುವೇ, ಸ್ವಾಮಿ. ಲಾವಾಂ ಪದ್ಯದಲ್ಲಿ ಇಬ್ಬರೂ ಹೆಂಡತಿಯರೇ” ಎಂದಷ್ಟೇ ಹೇಳಿದೆ. ಅವರು ಮಜ್ಜಿಗೆ ಕುಡಿಯುತ್ತ ಯೋಚನೆಗೆ ಬಿದ್ದರು.

19 ಜನವರಿ, ಭಾನುವಾರ. ಎಚ್.ಡಿ. ಕೋಟೆ

ಹ್ಯಾಂಡ್‌ಪೋಸ್ಟಿನಿಂದ ಭೀಮನಕೊಲ್ಲಿಗೆ. ಕಬಿನಿ ಹಿನ್ನೀರಿನ ದಂಡೆಯ ಮಾದಪ್ಪನ ಗುಡಿ. ತಂಗಿಯ ಮನೆಯವರ ಹರಕೆಯಿತ್ತು. ಗುಡಿಯ ಹೊರಗೆ ಕಂಸಾಳೆಯವರು ಸಂಕಮ್ಮನ ಸಾಲು ಎತ್ತಿಕೊಂಡಿದ್ದರು. ನೀರಿನ ಕಡೆಗೆ ಬೆನ್ನು ಮಾಡಿ ಕೂತು ಮುಗಿಯುವವರೆಗೂ ಕೇಳಿದೆ.

ಸಂಕಮ್ಮ ಸೋಲಿಗರ ಹೆಣ್ಣು, ಗಂಡ ನೀಲಯ್ಯ. ಕಾಡಿಗೆ ಹೊರಡುವ ಮೊದಲು ಅವಳು ಪರಪುರುಷರ ಮುಖ ನೋಡುವುದಿಲ್ಲವೆಂದು ಭಾಷೆ ಕೊಡಬೇಕೆಂದು ಹಟ ಹಿಡಿಯುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕು? ಕೊಟ್ಟರೆ ಅವನ ಅನುಮಾನಕ್ಕೆ ತಾನೇ ಮುದ್ರೆ ಒತ್ತಿದ ಹಾಗೆ. ಹಿಂಸಿಸಿ, ಮಾಟದ ಕಟ್ಟು ಹಾಕಿ ಬಿಟ್ಟು ಹೋಗುತ್ತಾನೆ. ಆ ಗುಡಿಸಲಿಗೆ ಮಾದಪ್ಪ ಬರುತ್ತಾನೆ, ಕಟ್ಟು ಬಿಡಿಸುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ.

ಈ ಸೀಮೆಯ ಒಕ್ಕಲಗಿತ್ತಿಯರಿಗೆ, ಕಾಡಿನಂಚಿನ ಹೆಂಗಸರಿಗೆ ಇದೇ ಶಾಸ್ತ್ರ, ಇದೇ ಪುರಾಣ. 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಅವರು ಮಲೆಯ ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದದ್ದರಿಂದ ನಾವು ಓದುವವರೂ ಅದನ್ನು ಕಂಡೆವು. ಇಲ್ಲಿ ದೇವರು ವರನಲ್ಲ. ಸಂಕಮ್ಮ ದೇವರಿಗಾಗಿ ಹಾಸಿಗೆ ಹಾಸುವುದಿಲ್ಲ. ಅವಳ ಗಂಡ ಅವಳನ್ನು ತನ್ನ ವಸ್ತುವೆಂದು ತಿಳಿದಿದ್ದಾನೆ, ಹಾಗಲ್ಲ ಎಂದು ತೋರಿಸಲು ದೇವರು ಬರುತ್ತಾನೆ. ಪತಿಯೇ ದೇವರು ಎಂಬ ಮಾತಿಗೆ ಸಂಕಮ್ಮನ ಸಾಲಿಗಿಂತ ಗಟ್ಟಿಯಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ ಕಣ್ಣು ಒರೆಸಿಕೊಳ್ಳುತ್ತ, “ಅವ್ಳು ಭಾಸೆ ಕೊಡ್ನಿಲ್ಲ ನೋಡವ್ವ, ಅದೇಯ ಅವಳ್ ಸತ್ಯ” ಎಂದಳು.

ಇದನ್ನೂ ಹಾಳೆಯಲ್ಲಿ ಸೇರಿಸಬೇಕೆಂಬ ಆಸೆ. ಜಾಗ ಸಾಲದು. ಹುಡುಗಿಗೆ ಬೇರೆಯಾಗಿ ಬರೆಯುತ್ತೇನೆ.

30 ಜನವರಿ, ಗುರುವಾರ. ಹುಣಸೂರು

ಹಾಳೆ ಮುಗಿಯಿತು. ಲಕ್ಷ್ಮಣತೀರ್ಥದ ಕಡೆಯಿಂದ ಬೀಸುವ ಗಾಳಿಗೆ ಕಾಗದ ಹಾರದಂತೆ ಶಬ್ದಕೋಶ ಹೇರಿಟ್ಟು ಬರೆದೆ.

ಮೊದಲು ಬೀದರ್ ಹಾಕಿದೆ. ಸಿಖ್ಖರೆಂದರೆ ಎಲ್ಲೋ ಪಂಜಾಬಿನವರು ಎಂದುಕೊಂಡವರಿಗೆ, ಗುರು ನಾನಕರ ನೆನಪಿನ ಝೀರಾ, ಅಂದರೆ ನೀರಿನ ಚಿಲುಮೆ, ಬೀದರಿನಲ್ಲಿದೆ, 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂದು ತಿಳಿಯಲಿ.

ಗಂಡೂ ವಧುವಾಗುವ ಮಾತನ್ನು ವಿವರಿಸಲು ವಚನಕಾರರನ್ನು ಕರೆದೆ. ಶರಣಸತಿ ಲಿಂಗಪತಿ ಎಂದಾಗ ಎಲ್ಲರಿಗೂ ನೆನಪಾಗುವವಳು ಅಕ್ಕ. ಆದರೆ ಉರಿಲಿಂಗದೇವನ ವಚನಗಳನ್ನು ಓದಿದರೆ ಗಡ್ಡ ಬಂದ ಗಂಡಸು ನಲ್ಲನಿಗಾಗಿ ನಾಚುವುದು, ಸಿಂಗರಿಸಿಕೊಳ್ಳುವುದು, ಕೂಟದ ಸುಖದಲ್ಲಿ ಮಾತು ಮರೆಯುವುದು ಕಾಣುತ್ತದೆ. ಗಜೇಶ ಮಸಣಯ್ಯನೂ ಹಾಗೆಯೇ, ಕೆಳದಿಯನ್ನು ಕರೆದು ವಿರಹ ತೋಡಿಕೊಳ್ಳುತ್ತಾನೆ. ಮಸಣಯ್ಯನ ಮನೆಯ ವಿಷಯ ನನಗೆ ತುಂಬ ಪ್ರಿಯ. ಅವನ ಹೆಂಡತಿಯೂ ವಚನ ಬರೆದಳು. ಅವಳ ಅಂಕಿತ ‘ಮಸಣಯ್ಯಪ್ರಿಯ ಗಜೇಶ್ವರ’. ಗಂಡನ ಹೆಸರು ಅಂಕಿತದಲ್ಲಿದೆ, ಆದರೆ ದೇವರಾಗಿ ಅಲ್ಲ, ಆ ದೇವರಿಗೆ ತನ್ನಂತೆಯೇ ಪ್ರಿಯನಾದ ಇನ್ನೊಬ್ಬ ಭಕ್ತನಾಗಿ. ಒಂದೇ ಸೂರಿನ ಕೆಳಗೆ ಒಬ್ಬನೇ ಲಿಂಗಪತಿಗೆ ಇಬ್ಬರು ಸತಿಯರು. ಲಾವಾಂ ಸುತ್ತು ಬರುವ ಜೋಡಿಗೆ ಇದಕ್ಕಿಂತ ಹತ್ತಿರದ ಜೋಡಿ ಎಲ್ಲಿ ಸಿಗಬೇಕು? ಮೊಲೆ ಮುಡಿ, ಗಡ್ಡ ಮೀಸೆಗಳ ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದ ಜೇಡರ ದಾಸಿಮಯ್ಯನನ್ನೂ ಒಂದು ವಾಕ್ಯದಲ್ಲಿ ನೆನೆದಿದ್ದೇನೆ. ಗುರುಗ್ರಂಥದಲ್ಲಿ ಸೇರಿರುವ ಕಬೀರರು, ಶೇಖ್ ಫರೀದರು ಗಂಡಸರಾಗಿ ವಧುವಿನ ದನಿಯಲ್ಲಿ ಹಾಡಿದ್ದೂ ಬಂದಿದೆ. ಫರೀದರಲ್ಲಂತೂ ಜೀವ ವಧು, ಸಾವು ವರ. ಅದನ್ನು ಮದುವೆಯ ಹಾಳೆಯಿಂದ ತೆಗೆದೆ.

ಕೆಂಪಿನ ಮಾತು ಉಳಿಸಿಕೊಂಡೆ. ಗುರುಗಳು ಎರಡು ಕೆಂಪನ್ನು ಮತ್ತೆ ಮತ್ತೆ ತರುತ್ತಾರೆ. ಕುಸುಬೆಯ ಹೂವಿನ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಎರಡು ದಿನಕ್ಕೆ ಮಾಸುತ್ತದೆ. ಮಂಜಿಷ್ಠದ ಬೇರಿನ ಬಣ್ಣ ಬಟ್ಟೆ ಹರಿಯುವವರೆಗೂ ಬಿಡುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಕುಸುಬೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಮನಿಸಬೇಕಾದದ್ದು, ಎರಡೂ ಕೆಂಪೇ. ಗುರುಗಳು ವಧುವಿಗೆ ಬಿಳಿ ಸೀರೆ ಉಡಿಸಲಿಲ್ಲ, ಮಾಸದ ಕೆಂಪು ಹುಡುಕಿಕೊಟ್ಟರು.

ಕೊನೆಗೆ ಹೀಗೆ ಬರೆದೆ: ಈ ಹಾಡಿನಲ್ಲಿ ವರ ಎಂದರೆ ಭಗವಂತ ಒಬ್ಬನೇ. ಇವತ್ತು ಪೇಟ ಕಟ್ಟಿಕೊಂಡು ಕುಳಿತಿರುವ ನಮ್ಮ ಅಳಿಯನೂ, ನಮ್ಮ ಹುಡುಗಿಯೂ ಆ ವರನನ್ನು ಬಯಸುವವರು. ದಯಮಾಡಿ ಹಾಗೆಯೇ ಕೇಳಿ.

ತಾತನಿಗೆ ಓದಿ ಹೇಳಿದೆ. ಒಂದೇ ತಿದ್ದುಪಡಿ ಸೂಚಿಸಿದರು. ವೈರಾಗ್ಯದ ವಿವರಣೆ ಸಾಲದು, ಇನ್ನೆರಡು ಸಾಲು ಹಾಕು ಎಂದರು. ಹಾಕಿದೆ.

9 ಫೆಬ್ರುವರಿ, ಭಾನುವಾರ. ಬೆಂಗಳೂರಿನಿಂದ ಹಿಂದಿರುಗುತ್ತ

ಮದುವೆ ಆಯಿತು. ಎಲ್ಲರೂ ತಲೆಗೆ ಬಟ್ಟೆ ಹೊದ್ದು ನೆಲದ ಮೇಲೆ ಕೂತೆವು. ಗೆಳತಿಯ ಗಂಡ ಹುಡುಗನ ಹೆಗಲ ಮೇಲಿನ ಪಲ್ಲಾದ ತುದಿಯನ್ನು ಮಗಳ ಕೈಗಿತ್ತಾಗ ಆ ಹೊತ್ತಿನ ಶಬದ್ ಶುರುವಾಯಿತು. ಅದು ಗುರು ಅರ್ಜನರದು. ತಬಲ, ಹಾರ್ಮೋನಿಯಂ, ಇಬ್ಬರು ರಾಗಿಗಳು. ಸಾಲಿಗ್ರಾಮದವರ ಕೈಯಲ್ಲೆಲ್ಲ ನನ್ನ ಹಾಳೆ. ಮೂರನೆಯ ಸುತ್ತು ಬಂದಾಗ ತಾತ ಬೆರಳಿಟ್ಟು ಆ ಭಾಗ ಹುಡುಕಿ, ಕನ್ನಡಕ ಏರಿಸಿ ಓದಿಕೊಂಡರು. ಹುಡುಗಿಯ ಮುಖದಲ್ಲಿ ನಾಚಿಕೆಯೂ ಇತ್ತು, ಹಿಗ್ಗೂ ಇತ್ತು, ಯಾವುದನ್ನೂ ಅವಳು ಬಚ್ಚಿಡಲಿಲ್ಲ. ನಾಲ್ಕು ಸುತ್ತು ಮುಗಿದ ಮೇಲೆ ಗುರು ಅಮರದಾಸರ ಆನಂದ್ ಸಾಹಿಬ್, ಅರ್ದಾಸ್, ಹುಕಂನಾಮಾ, ಕಡಾ ಪ್ರಸಾದ.

ಒಂದು ವಿಷಯ ಮನಸ್ಸಿಗೆ ಒಪ್ಪಲಿಲ್ಲ. ನಾಲ್ಕು ಸುತ್ತಿನಲ್ಲೂ ಹುಡುಗ ಮುಂದೆ, ಹುಡುಗಿ ಹಿಂದೆ. ಹಾಡಿನಲ್ಲಿ ಇಬ್ಬರೂ ವಧುಗಳು, ನಡಿಗೆಯಲ್ಲಿ ಒಬ್ಬನು ಮುಂದಾಳು. ಲಂಗರಿನಲ್ಲಿ ಊಟಕ್ಕೆ ಕೂತಾಗ ಹುಡುಗಿಗೇ ಹೇಳಿದೆ. ಅವಳು ನಗುತ್ತ, “ನಮ್ಮ ಸಪ್ತಪದಿಯಲ್ಲಿ ಏನಿತ್ತು ಆಂಟಿ? ಹಾಡು ಇನ್ನೂ ಮುಂದಿದೆ, ನಾವು ಹಿಂದಿದ್ದೀವಿ” ಎಂದಳು. ಅವಳ ಜೊತೆಯವನು ಕೇಳಿಸಿಕೊಂಡು ತಲೆಯಾಡಿಸಿದ. ಚುಂಚನಕಟ್ಟೆಯ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ಎಲ್ಲ ಕಡೆ ಇರುವಂತೆ ಎಡಕ್ಕಲ್ಲ. ಮನೆಗೆ ಬಂದಾಗ ಅಲ್ಲಿಗೆ ಹೋಗಿ ಬನ್ನಿ ಎಂದು ಇಬ್ಬರಿಗೂ ಹೇಳಿದ್ದೇನೆ.

ಮಂಡ್ಯ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನಕ್ಕೆ ನಿದ್ದೆ. ಪಂಕ್ತಿಯಲ್ಲಿ ಮಾತನಾಡಿದ್ದ ನೆಂಟರು ಎದ್ದು ಬಂದು ನನ್ನ ಹಿಂದಿನ ಸೀಟಿನಲ್ಲಿ ಕೂತರು. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರು. “ನಾನೂ ವಧು ಅಂತ ಬರೆದಿದ್ದೀರಲ್ಲ, ಇದಕ್ಕೆ ಆಧಾರ ತೋರಿಸ್ತೀರಾ?” ಎಂದರು. ದನಿಯಲ್ಲಿ ಜಗಳವಿರಲಿಲ್ಲ. ಮುಂದಿನ ಸೀಟಿನಿಂದ ತಾತ ತಿರುಗದೆಯೇ ಹೇಳಿದರು: “ನಮ್ಮಾಳ್ವಾರ್ ಇದ್ದಾರಲ್ಲ. ತಾಯಿಯಾಗಿ, ಗೆಳತಿಯಾಗಿ, ನಾಯಕಿಯಾಗಿ ಎಲ್ಲಾ ಹಾಡಿದ್ದಾರಲ್ಲ. ಬರೋ ಭಾನುವಾರ ಬಾ, ತೋರಿಸ್ತೀನಿ. ಈಯಮ್ಮ ಉರಿಲಿಂಗದೇವನ್ನ ತರಲಿ.”

ಭಾನುವಾರ ಬೆಳಗಿನ ಬಸ್ಸಿಗೆ ಸಾಲಿಗ್ರಾಮ. ಸಂಕಮ್ಮನ ಸಾಲನ್ನೂ ಒಯ್ಯಬೇಕು.